ಹಳೇ ಈಸ್ಟರ್ ಗೀತೆಗೆ ಹೊಸ ಕೋರಲ್ ಜೋಡಣೆ: 16 ಜನರ ಕ್ವಾಯರಿಗೆ ಆಗುವಂಥದ್ದು ಹೇಗೆ?

ಆಲ್ಟೊಸಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈಸ್ಟರಿಗೆ ಇನ್ನು 9 ವಾರ ಇದೆ. ನಮ್ಮದು ಚರ್ಚಿನ ಕನ್ನಡ ಸಭೆಯ ಕ್ವಾಯರ್ (ಹಾಡುವ ತಂಡ), ಒಟ್ಟು 16 ಜನ. ಸೊಪ್ರಾನೊ (ಹೆಂಗಸರ ಮೇಲಿನ ಧ್ವನಿ) 8, ಆಲ್ಟೊ (ಹೆಂಗಸರ ಕೆಳಗಿನ ಧ್ವನಿ) 4, ಗಂಡಸರು 4. ಗಂಡಸರಲ್ಲಿ ನಿಜವಾದ ಟೆನರ್ (ಗಂಡಸರ ಮೇಲಿನ ಧ್ವನಿ) ಒಬ್ಬರೇ, ಉಳಿದ ಮೂವರದ್ದು ನಡುವಿನ ಕಂಠ. ಸ್ಟಾಫ್ ನೊಟೇಶನ್ (ಐದು ಗೆರೆಯ ಸ್ವರಲಿಪಿ) ಓದುವವರು ನಾಲ್ಕೈದು ಜನ, ಉಳಿದವರಿಗೆ ಸೋಲ್ಫಾ (ಡೋ ರೇ ಮಿ) ಬರುತ್ತದೆ. ಪೈಪ್ ಆರ್ಗನ್ ಇಲ್ಲ, ಸ್ಟೈಲ್ (ತಾನೇ ತಾಳ, ಪಕ್ಕವಾದ್ಯ ನುಡಿಸುವ ಸೌಲಭ್ಯ) ಇರುವ ಕೀಬೋರ್ಡ್ ಇದೆ.

ಎರಡು ಹಳೇ ರಾಗಗಳನ್ನು ಹೊಸ ರೀತಿಯಲ್ಲಿ ಹಾಡಿಸಬೇಕು ಅಂತಿದೆ. ಒಂದು, 1708ರ ಲಂಡನ್ನಿನ ‘ಲಿರಾ ಡೇವಿಡಿಕಾ’ದಲ್ಲಿ ಅಚ್ಚಾದ, ಪ್ರತಿ ಸಾಲಿನ ಕೊನೆಗೆ ಹಲ್ಲೆಲೂಯ ಬರುವ ‘ಈಸ್ಟರ್ ಹಿಮ್’ ರಾಗ. ಇನ್ನೊಂದು, ಜರ್ಮನ್ ಸುಧಾರಕ ಮಾರ್ಟಿನ್ ಲೂಥರನ 1524ರ ‘ಕ್ರಿಸ್ಟ್ ಲಾಗ್ ಇನ್ ಟೋಡೆಸ್‌ಬಾಂಡನ್’. ಇಂಟರ್‌ನೆಟ್ಟಿನಲ್ಲಿ ಸಿಗುವ ಜೋಡಣೆಗಳೆಲ್ಲ ಎಂಟು ಧ್ವನಿ, ಟ್ರಂಪೆಟ್, ಟಿಂಪನಿ ಅಂತ ಹೋಗುತ್ತವೆ. ಸೊಪ್ರಾನೊ, ಆಲ್ಟೊ, ಗಂಡಸರು ಅಂತ ಮೂರೇ ಧ್ವನಿಗೆ ನಾವೇ ಬರೆದುಕೊಳ್ಳುವುದು ಒಳ್ಳೆಯದಾ? ಸಭೆಯವರೂ ಜೊತೆಗೆ ಹಾಡಬೇಕು, ಅದು ಬಿಡುವ ಹಾಗಿಲ್ಲ. ಕನ್ನಡ ಮಾತು ಕೂರಿಸುವಾಗ ಎಲ್ಲಿ ಎಡವುತ್ತೇವೆ ಅನ್ನುವುದನ್ನೂ ತಿಳಿದವರು ಹೇಳಿ.

---

ನಾಲ್ಕುಧ್ವನಿ ಉತ್ತರಿಸಿದ್ದು:

ಮೂರೇ ಧ್ವನಿಗೆ ಬರೆಯಿರಿ ಮೇಡಂ, ಅನುಮಾನ ಬೇಡ. ಒಬ್ಬ ಟೆನರನ್ನು ನಂಬಿ ನಾಲ್ಕು ಧ್ವನಿ ಬರೆದರೆ ಹಬ್ಬದ ದಿನ ಅವರಿಗೆ ನೆಗಡಿ ಬಂದಿತು ಅಂದರೆ ಕಾರ್ಡಿನ (ಒಟ್ಟಿಗೆ ಕೇಳುವ ಸ್ವರಗಳ ಗುಂಪಿನ) ಮಧ್ಯೆ ತೂತು. ಮೊದಲು 8 ಸೊಪ್ರಾನೊಗಳಲ್ಲಿ ಕೆಳಸ್ಥಾಯಿ ಗಟ್ಟಿ ಇರುವ ಇಬ್ಬರನ್ನು ಆಲ್ಟೊಗೆ ಕಳಿಸಿ. 6, 6, 4 ಆಗುತ್ತದೆ, ತೂಕ ಸರಿಹೋಗುತ್ತದೆ.

ಸ್ಥಾಯಿಯ ಮಿತಿ ಹೀಗಿಟ್ಟುಕೊಳ್ಳಿ (ಮಧ್ಯದ ಸಿ ಅಂದರೆ ಸಿ4): ಸೊಪ್ರಾನೊ ಸಿ4ರಿಂದ ಎಫ್5, ಆಲ್ಟೊ ಎ3ರಿಂದ ಸಿ5, ಗಂಡಸರ ಒಂದೇ ಸಾಲು ಎ2ರಿಂದ ಡಿ4. ಗಂಡಸರ ಸಾಲನ್ನು ಎ2ಗಿಂತ ಕೆಳಗೆ ಇಳಿಸಿದರೆ ನಡುವಿನ ಕಂಠದವರು ಸ್ವರ ಹಿಡಿಯದೆ ಬರೀ ಗೊಣಗುತ್ತಾರೆ. ಸಭೆಗೆ ಅಡಿಪಾಯ ಕೇಳುವುದಿಲ್ಲ, ಸೊಪ್ರಾನೊಗಳಿಗೆ ಶ್ರುತಿ ತಪ್ಪುತ್ತದೆ.

ಈಸ್ಟರ್ ಹಿಮ್‌ಗೆ ನಾಲ್ಕು ಚರಣ ಅಂತ ಇಟ್ಟುಕೊಂಡರೆ: ಮೊದಲನೆಯದು ಸಭೆ, ಕ್ವಾಯರ್ ಎಲ್ಲ ಒಂದೇ ಧ್ವನಿಯಲ್ಲಿ, ಸಿ ಮೇಜರ್. ಎರಡನೆಯದು ಪುಸ್ತಕದ ಹಳೇ ಹಾರ್ಮನಿಯಲ್ಲೇ (ರಾಗದ ಜೊತೆಗಿನ ಬೇರೆ ಧ್ವನಿಗಳು). ಮೂರನೆಯದು ಕೀಬೋರ್ಡ್ ಇಲ್ಲದೆ ಕ್ವಾಯರ್ ಮಾತ್ರ; ನಿಮ್ಮ ಹೊಸತನಕ್ಕೆ ಜಾಗ ಅದೇ. ನಾಲ್ಕನೆಯದಕ್ಕೆ ಡಿ ಮೇಜರಿಗೆ ಏರಿ, ಹೊಸ ಹಾರ್ಮನಿ, ಮೇಲೊಂದು ಡೆಸ್ಕಂಟ್ (ಮೂಲ ರಾಗಕ್ಕಿಂತ ಮೇಲೆ ಹಾಡುವ ಇನ್ನೊಂದು ಸಾಲು).

ಮೂರನೆಯ ಚರಣ ಬರೆಯುವಾಗ ಒಂದು ವಿಷಯ. ರಾಗದ ಮೊದಲ ನಾಲ್ಕು ಸ್ವರ ಡೋ ಮಿ ಸೋ ಡೋ, ಅಂದರೆ ಸಿ ಇ ಜಿ ಸಿ. ಅದು ಸಿ ಕಾರ್ಡನ್ನೇ ಬಿಡಿಸಿ ಇಟ್ಟ ಹಾಗೆ. ಅದರ ಕೆಳಗೆ ಬೇರೆ ಕಾರ್ಡ್ ಹಾಕಲು ಹೊರಟವರೆಲ್ಲ ಕಿರಿಕಿರಿ ಮಾಡಿಕೊಂಡಿದ್ದೇ ಬಂತು. ಆ ಬಾರನ್ನು (ತಾಳದ ಒಂದು ಸುತ್ತನ್ನು) ಬೋಳಾಗಿಯೇ ಬಿಡಿ: ಹೆಂಗಸರು, ಗಂಡಸರು ಸಪ್ತಕದ ಅಂತರದಲ್ಲಿ ಒಂದೇ ಸ್ವರ. ಎರಡನೆಯ ಬಾರಿನಲ್ಲಿ ಫಾ ಲಾ ಬಂದ ಕೂಡಲೇ ಒಡೆಯಿರಿ. ನಾನು ಹೀಗೆ ಬರೆಯುತ್ತೇನೆ:

ಸೊಪ್ರಾನೊ: ಎಫ್, ಎ, ಎ ಇಂದ ಜಿ, ನಂತರ ಹಲ್ಲೆಲೂಯದ ಮೊದಲ ಸ್ವರ ಇ
ಆಲ್ಟೊ: ಸಿ, ಇ, ಡಿ, ಸಿ
ಗಂಡಸರು: ಡಿ, ಸಿ, ಬಿ, ಎ

ಕಾರ್ಡಿನ ಹೆಸರಿನಲ್ಲಿ ಹೇಳುವುದಾದರೆ ಡಿ ಮೈನರ್ ಸೆವೆನ್, ಸಿ ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರ) ಇರುವ ಎ ಮೈನರ್, ಬಿ ಬೇಸ್ ಇರುವ ಜಿ, ಕೊನೆಗೆ ಎ ಮೈನರ್. ಗಂಡಸರು ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿಯುತ್ತಾರೆ, ಕಲಿಸುವುದಕ್ಕೆ ಹತ್ತು ನಿಮಿಷ ಸಾಕು. ಸೊಪ್ರಾನೊ ಎ ಇಂದ ಜಿಗೆ ಇಳಿಯುವಾಗ ಕೆಳಗೆ ಬಿ ಇರುವುದರಿಂದ ಒಂದು ಕ್ಷಣ ತಿಕ್ಕಾಡಿ ಆಮೇಲೆ ಬಿಡಿಸಿಕೊಳ್ಳುತ್ತದೆ. ಹೊಸ ಜೋಡಣೆ ಅಂತ ಕಿವಿಗೆ ಅನ್ನಿಸುವುದು ಇಂಥ ಜಾಗದಲ್ಲಿ. ಪ್ರತಿ ಸ್ವರಕ್ಕೂ ಒಂದು ಸೆವೆನ್ ಕಾರ್ಡ್ ತುಂಬಿದರೆ ಎಲ್ಲವೂ ಪಾಯಸವಾಗುತ್ತದೆ, ಯಾವುದೂ ಎದ್ದು ಕಾಣುವುದಿಲ್ಲ.

ತಪ್ಪುವ ಜಾಗ: ಆಲ್ಟೊ ಸಾಲಿನ ಮೊದಲ ಸಿ. ಗಂಡಸರ ಡಿಯ ಮೇಲೆ ಅದು ಏಳನೆಯ ಸ್ವರ, ಅಳುಕಿದ ಆಲ್ಟೊ ತಾನೂ ಡಿಗೆ ಜಾರುತ್ತಾಳೆ. ಹಿಂದಿನ ಬಾರಿನ ಕೊನೆಯ ಸ್ವರವೂ ಸಿ ತಾನೇ, ‘ಇದ್ದಲ್ಲೇ ಇರಿ’ ಅಂತ ಹೇಳಿಕೊಡಿ. ಹೊಸ ಸ್ವರ ಅಂತ ಹೇಳಿದರೆ ಹುಡುಕಲು ಹೋಗುತ್ತಾರೆ.

ಸಿ ಇಂದ ಡಿಗೆ ಏರಲು ಕೀಬೋರ್ಡಿಗೆ ಎರಡು ಬಾರ್ ಸಾಕು: ಸಿ, ಇ ಮೈನರ್, ಎ ಸೆವೆನ್, ಡಿ. ಸೋಲ್ಫಾದವರಿಗೆ ‘ಹಳೇ ಮಿ ಈಗ ರೇ’ ಅಂದರೆ ತಕ್ಷಣ ಹತ್ತುತ್ತದೆ. ಅರ್ಧ ಸ್ವರ ಮಾತ್ರ ಏರಿಸುವ ಸಿನಿಮಾ ಶೈಲಿ ಬೇಡ. ಸೋಲ್ಫಾದಲ್ಲಿ ಹಿಡಿತ ಸಿಗುವುದಿಲ್ಲ, ಸಭೆಯ ಅರ್ಧದಷ್ಟು ಜನ ಹಳೇ ಶ್ರುತಿಯಲ್ಲೇ ಉಳಿದುಬಿಡುತ್ತಾರೆ.

---

ಗುರುಲಘು ಉತ್ತರಿಸಿದ್ದು:

ಕನ್ನಡ ಮಾತಿನ ಬಗ್ಗೆ ಕೇಳಿದ್ದೀರಿ, ಅಷ್ಟಕ್ಕೆ ಹೇಳುತ್ತೇನೆ. ಹಾರ್ಮನಿ ಎಷ್ಟೇ ಚೆನ್ನಾಗಿರಲಿ, ಮಾತು ಕುಂಟಿದರೆ ಸಭೆಯವರಿಗೆ ಅದು ಅನುವಾದದ ಹಾಡಾಗಿಯೇ ಕೇಳುತ್ತದೆ.

ಈಸ್ಟರ್ ಹಿಮ್‌ನ ಸಾಲು 7 ಅಕ್ಷರದ್ದು, ಒತ್ತು 1, 3, 5, 7ರ ಮೇಲೆ. ಕನ್ನಡದ ಮಟ್ಟಿಗೆ ಇದು ಅದೃಷ್ಟ, ಯಾಕೆಂದರೆ ನಮ್ಮ ಪದಗಳಿಗೆ ಒತ್ತು ಮೊದಲ ಅಕ್ಷರದಲ್ಲೇ ಬೀಳುತ್ತದೆ. ಆದರೆ ಪದದ ಜಾಗ ತಪ್ಪಿದರೆ ಅದೃಷ್ಟವೂ ಕೈಕೊಡುತ್ತದೆ. ಉದಾಹರಣೆಗೆ ಸುಮ್ಮನೆ ಒಂದು ಸಾಲು ಕಟ್ಟೋಣ:

ಕರ್ – ತ – ನು – ಎದ್ – ದ – ನಿಂ – ದು

ಒತ್ತು ಬಿದ್ದದ್ದು ಕರ್, ನು, ದ, ದು. ‘ಎದ್ದ’ ಎಂಬ ಮುಖ್ಯ ಪದದ ಮೊದಲ ಅಕ್ಷರ ದುರ್ಬಲ ಬೀಟಿನಲ್ಲಿ ಮುಚ್ಚಿಹೋಯಿತು. ಅದೇ ಮೂರು ಪದಗಳನ್ನು ಹಿಂದುಮುಂದು ಮಾಡಿ:

ಕರ್ – ತ – ನಿಂ – ದು – ಎದ್ – ದ – ನು

ಈಗ ಒತ್ತು ಕರ್, ನಿಂ, ಎದ್, ನು. ಮೊದಲ ಮೂರೂ ಗುರು, ಮೂರೂ ಸರಿಯಾದ ಜಾಗದಲ್ಲಿ ಕೂತಿವೆ. ಉಳಿದದ್ದು ಕೊನೆಯ ‘ನು’. ಆ ಅಕ್ಷರಕ್ಕೆ ರಾಗದಲ್ಲಿ ಎರಡು ಬೀಟ್ ಇದೆ, ಎಳೆದರೆ ‘ಎದ್ದನೂ’ ಆಗುತ್ತದೆ, ‘ಸತ್ತನು, ಎದ್ದನೂ’ ಅಂದ ಹಾಗೆ. ‘ಎದ್ದನೇ’ ಅಂದರೆ ಪ್ರಶ್ನೆಯಾಯಿತು, ಈಸ್ಟರ್ ದಿನ ಅದಂತೂ ಬೇಡ. ಹಳೇ ಹಾಡುಗಳಲ್ಲಿ ‘ಎದ್ದನೈ’, ‘ಬಂದನೈ’ ಅಂತ ಬರುವುದು ಸುಮ್ಮನೆ ಅಲಂಕಾರಕ್ಕಲ್ಲ, ಎಳೆಯಲು ಒಂದು ಗುರು ಬೇಕಿತ್ತು. ಹಳೇ ವಾಸನೆ ಬೇಡ ಅನ್ನುವವರು ಸಾಲಿನ ಕೊನೆಗೆ ದೀರ್ಘವಿರುವ ಬೇರೆ ಪದವನ್ನೇ ಹುಡುಕಬೇಕು.

‘ಮರಣ’ ಎಂಬ ಪದದ ಬಗ್ಗೆ ಎಚ್ಚರ. ಮೂರೂ ಲಘು. ‘ಮ’ವನ್ನು ಉದ್ದ ಸ್ವರದ ಮೇಲೆ ಇಟ್ಟರೆ ‘ಮಾರಣ’, ಅಂದರೆ ಕೊಲ್ಲುವುದು. ಉದ್ದ ಸ್ವರ ಬರುವ ಕಡೆ ‘ಸಾವು’ ಹಾಕಿ: ಮೊದಲಕ್ಷರ ದೀರ್ಘ, ಎರಡನೆಯದು ಹ್ರಸ್ವ, ಹೇಗೆ ಬೇಕಾದರೂ ಕೂರುತ್ತದೆ. ‘ಜಯ’ಕ್ಕೂ ಇದೇ ಕಾಟ, ಎಳೆದರೆ ‘ಜಾಯ’. ಎರಡು ಚಿಕ್ಕ ಸ್ವರ ಇರುವ ಕಡೆ ಮಾತ್ರ ಬಳಸಿ.

ಇನ್ನು ಒತ್ತಕ್ಷರ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ‘ಲ್ಲ’, ‘ನ್ನ’, ‘ಮ್ಮ’ಗಳಲ್ಲಿ ನಾಲಿಗೆ ಅಥವಾ ತುಟಿ ಮುಚ್ಚಿದ್ದರೂ ಸ್ವರ ಹರಿಯುತ್ತಲೇ ಇರುತ್ತದೆ. ‘ದ್ದ’, ‘ತ್ತ’, ‘ಟ್ಟ’ ಹಾಗಲ್ಲ, ಮುಚ್ಚಿದ ಕೂಡಲೇ ಮೌನ. ಹಾಗಾಗಿ ‘ಎದ್ದನು’ ಹಾಡುವಾಗ ‘ಎ’ಯನ್ನು ಬೀಟ್ ಪೂರ್ತಿ ಹಿಡಿದು, ಮುಂದಿನ ಬೀಟಿಗೆ ಕೂದಲೆಳೆ ಮೊದಲು ‘ದ್ದ’ ಮುಚ್ಚಬೇಕು. ಅರ್ಧ ಜನ ಬೇಗ ಮುಚ್ಚಿದರೆ ಕಾರ್ಡಿನಲ್ಲಿ ರಂಧ್ರ ಬೀಳುತ್ತದೆ. ಹಲ್ಲೆಲೂಯದ ‘ಲ್ಲ’ ಮಾತ್ರ ಕ್ವಾಯರಿಗೆ ವರ, ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು.

‘ಕ್ರಿಸ್ತ’ದಲ್ಲಿ ‘ಸ್’ ಸದ್ದು 16 ಬಾಯಲ್ಲಿ 16 ಸಮಯಕ್ಕೆ ಬಂದರೆ ಹಾವು ಬುಸುಗುಟ್ಟಿದ ಹಾಗಿರುತ್ತದೆ. ‘ಕ್ರಿ – ಸ್ತ’ ಅಂತ ಒಡೆದು, ‘ಸ್’ ಅನ್ನು ಮುಂದಿನ ಅಕ್ಷರಕ್ಕೆ ಅಂಟಿಸಿ ಬರೆಯಿರಿ. ಮಾತಾಡುವಾಗ ಹಾಗಲ್ಲ ಅಂತ ಯಾರಾದರೂ ತಗಾದೆ ತೆಗೆಯುತ್ತಾರೆ, ತೆಗೆಯಲಿ.

ಹಲ್ಲೆಲೂಯನಾ, ಅಲ್ಲೆಲೂಯನಾ? ಎರಡೂ ಬಳಕೆಯಲ್ಲಿವೆ, ಒಂದನ್ನು ಆರಿಸಿ ಎಲ್ಲರ ಹಾಳೆಯಲ್ಲೂ ಅದನ್ನೇ ಬರೆಯಿರಿ. ‘ಹ’ ಇಟ್ಟುಕೊಂಡರೆ ಅದು ಪದದ ಮೊದಲು ಒಂದು ಸಲ ಮಾತ್ರ. ಒಂದೇ ಅಕ್ಷರಕ್ಕೆ ಎರಡೆರಡು ಸ್ವರ ಬರುವ ಕಡೆ ‘ಲೂ-ಹೂ’ ಅಂತ ಗಾಳಿ ಸೇರಿಸುವ ಚಾಳಿ ಎಲ್ಲ ಕ್ವಾಯರಿನಲ್ಲೂ ಇದೆ. ಮೊದಲ ಪ್ರ್ಯಾಕ್ಟೀಸಿನಲ್ಲೇ ಬಿಡಿಸಿ, ಐದನೆಯದರಲ್ಲಿ ಹೋಗುವುದಿಲ್ಲ.

---

ಷಡ್ಜಪಂಚಮ ಉತ್ತರಿಸಿದ್ದು:

ನಾಲ್ಕುಧ್ವನಿಯವರು ಹೇಳಿದ ಮೂರನೆಯ ಚರಣ ಚೆನ್ನಾಗಿದೆ. ನಾಲ್ಕನೆಯದಕ್ಕೆ ಮಾತ್ರ ನನ್ನ ತಕರಾರಿದೆ. ಕೊನೆಯ ಚರಣಕ್ಕೆ ಹೊಸ ಹಾರ್ಮನಿ ಬೇಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಸಭೆಗಳಲ್ಲಿ ಬೆಂಚಿನಲ್ಲಿ ಕೂತವರಲ್ಲೇ ಆಲ್ಟೊ, ಬೇಸ್ ಬಾಯಿಪಾಠ ಇರುವವರು ಇದ್ದಾರೆ. ಕೀಬೋರ್ಡ್ ಹೊಸ ಕಾರ್ಡ್ ನುಡಿಸುತ್ತಿದ್ದರೆ ಅವರು ಹಳೇ ಬೇಸನ್ನೇ ಗಟ್ಟಿಯಾಗಿ ಹಾಡುತ್ತಾರೆ. ಎರಡೂ ತಮ್ಮ ಪಾಡಿಗೆ ಸರಿ, ಸೇರಿದಾಗ ಮಾತ್ರ ಸಂತೆ.

ದಾರಿ ಎರಡು. ಹಳೇ ಹಾರ್ಮನಿಯನ್ನೇ ಉಳಿಸಿಕೊಂಡು ಅದರ ಮೇಲೆ ಡೆಸ್ಕಂಟ್ ಮಾತ್ರ ಸೇರಿಸುವುದು ಒಂದು. ನನ್ನ ಮತ ಅದಕ್ಕೇ. ಇಲ್ಲವೇ ಆರಾಧನಾ ಕ್ರಮದ ಹಾಳೆಯಲ್ಲಿ ‘4ನೆಯ ಚರಣ: ಎಲ್ಲರೂ ಮೂಲ ರಾಗದಲ್ಲೇ’ ಅಂತ ಅಚ್ಚು ಹಾಕಿಸಿ, ಸಭಾಪಾಲಕರಿಂದ ಬಾಯಿಮಾತಿನಲ್ಲೂ ಹೇಳಿಸುವುದು.

ಡೆಸ್ಕಂಟಿಗೆ 6 ಸೊಪ್ರಾನೊಗಳಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು. ಉಳಿದವರು ಮೂಲ ರಾಗ ಬಿಡಬಾರದು. ಎಲ್ಲ ಸೊಪ್ರಾನೊ ಮೇಲೆ ಹೋದರೆ ಸಭೆಗೆ ಹಿಡಿದುಕೊಳ್ಳಲು ರಾಗವೇ ಇಲ್ಲ. ರಾಗ ನಿಂತಾಗ ಡೆಸ್ಕಂಟ್ ನಡೆಯಲಿ, ರಾಗ ಓಡುವಾಗ ನಿಲ್ಲಲಿ. ರಾಗ ಏರಿದರೆ ಇದು ಇಳಿಯಲಿ. ಎಫ್5 ದಾಟಿದ ಮೇಲೆ ಇ, ಉ, ಏ ಎಲ್ಲ ‘ಆ’ ಥರವೇ ಕೇಳುತ್ತವೆ, ಆದ್ದರಿಂದ ಅಲ್ಲಿ ಮಾತು ತುಂಬುವುದು ವ್ಯರ್ಥ. ‘ಆ’ ಅಥವಾ ಹಲ್ಲೆಲೂಯದ ಕೊನೆಯ ‘ಯಾ’ ಸಾಕು. ಮೊದಲ ಸಾಲಿಗೇ ಶುರು ಮಾಡಬೇಡಿ, ಮೂರನೆಯ ಸಾಲಿನಿಂದ ತನ್ನಿ.

ಈಗ ಲೂಥರನ ರಾಗ. ನಮ್ಮ ಕಿವಿಗೆ ಇದು ಈಸ್ಟರ್ ಹಿಮ್‌ಗಿಂತ ಹತ್ತಿರ. ಅದರ ಬೇರು ‘ವಿಕ್ಟಿಮೆ ಪಾಸ್ಕಾಲಿ’ ಎಂಬ ಹನ್ನೊಂದನೆಯ ಶತಮಾನದ ಲ್ಯಾಟಿನ್ ಗಾಯನದಲ್ಲಿದೆ. ಡಿ ಷಡ್ಜ ಅಂತ ಇಟ್ಟುಕೊಂಡರೆ ಮೊದಲ ಸಾಲು: ಪ ಮ ಪ ನಿ ಸ ನಿ ದ ಪ. ಎಲ್ಲ ಖರಹರಪ್ರಿಯದ ಸ್ವರಗಳೇ. ಜರ್ಮನ್ ಸಂಗೀತಕಾರ ಬಾಖ್ ತನ್ನ 4ನೆಯ ಸಂಖ್ಯೆಯ ಕಾಂಟಾಟಾದಲ್ಲಿ (ಕ್ವಾಯರ್, ವಾದ್ಯಗಳಿಗೆ ಬರೆದ ಕೃತಿ) ಆ ಎರಡನೆಯ ಸ್ವರವನ್ನು ಅರ್ಧ ಮೇಲಕ್ಕೆ ತಳ್ಳಿದ, ಶುದ್ಧ ಮಧ್ಯಮದ ಜಾಗಕ್ಕೆ ಪ್ರತಿ ಮಧ್ಯಮ ಬಂತು. ಹಳೇ ರೂಪ ಬೇಕಾ, ಬಾಖ್ ರೂಪ ಬೇಕಾ ಮೊದಲೇ ತೀರ್ಮಾನಿಸಿ. ಕೀಬೋರ್ಡಿನವರು ಬಾಖ್ ಹಾಳೆ ನೋಡಿ, ಕ್ವಾಯರ್ ಹಳೇ ರೂಪ ಕಲಿತು ಬಂದರೆ ಎರಡನೆಯ ಸ್ವರದಲ್ಲೇ ಡಿಕ್ಕಿ.

ನಿಮ್ಮ ಕ್ವಾಯರಿಗೆ ಹಳೇ ರೂಪವೇ ಸರಿ. ಮೊದಲ ಚರಣ: ಗಂಡಸರು ಇಬ್ಬಿಬ್ಬರಾಗಿ ಡಿ3, ಎ3 ಹಿಡಿದು ‘ಮ್’ ಅಂತ ನಿಲ್ಲಲಿ, ತಂಬೂರಿಯ ಕೆಲಸ. ಉಸಿರನ್ನು ಒಬ್ಬರಾದ ಮೇಲೆ ಒಬ್ಬರು ತೆಗೆದುಕೊಳ್ಳಬೇಕು, ಒಟ್ಟಿಗೆ ಅಲ್ಲ. ಹೆಂಗಸರೆಲ್ಲ ಒಂದೇ ಧ್ವನಿ. ಎರಡನೆಯ ಚರಣಕ್ಕೆ ಆಲ್ಟೊ ನಾಲ್ಕನೆಯ ಸ್ವರ ಕೆಳಗೆ ಜೊತೆಯಾಗಲಿ:

ಸೊಪ್ರಾನೊ: ಪ ಮ ಪ ನಿ ಸ ನಿ ದ ಪ
ಆಲ್ಟೊ: ರಿ ಸ ರಿ ಮ ಪ ಮ ಮ ರಿ

ಏಳನೆಯ ಸ್ವರ ನೋಡಿ. ಲೆಕ್ಕದ ಪ್ರಕಾರ ‘ದ’ ಕೆಳಗೆ ‘ಗ’ ಬರಬೇಕು. ಬಂದರೆ ಬಿ ಮತ್ತು ಎಫ್ ಒಟ್ಟಿಗೆ ಕೂಗಿ ಸಾಲೆಲ್ಲ ಹುಳಿಯಾಗುತ್ತದೆ. ಹಾಗಾಗಿ ಆಲ್ಟೊ ‘ಮ’ದಲ್ಲೇ ನಿಂತಿರುತ್ತದೆ. ಆಮೇಲೆ ಕೊನೆಯ ‘ರಿ’ ಗಂಡಸರ ‘ಸ’ ಮೇಲೆ ಬಿಡಿಸದೆ ಉಳಿಯುತ್ತದೆ, ತಪ್ಪು ಅಂತ ತಿದ್ದಲು ಹೋಗಬೇಡಿ, ರುಚಿ ಇರುವುದೇ ಅಲ್ಲಿ.

ಗಮಕ ಹಾಕಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಕೆಳಗೆ ಬರೀ ಸ-ಪ ಇದ್ದಾಗ ಒಬ್ಬರೇ ಹಾಡುವುದಾದರೆ ಹಾಕಿ. ಎರಡನೆಯ ಧ್ವನಿ ಸೇರಿದ ಮೇಲೆ ಬೇಡ. ನಿಷಾದ ಅಲ್ಲಾಡುತ್ತಿರುವಾಗ ಅದರ ಕೆಳಗಿನ ಆಲ್ಟೊ ಯಾವುದಕ್ಕೆ ಕೂಡಿಕೊಳ್ಳಬೇಕು?

---

ನಾಲ್ಕುಧ್ವನಿ ಉತ್ತರಿಸಿದ್ದು:

ಬೆಂಚಿನ ಬೇಸ್‌ಗಳ ವಿಷಯ ಒಪ್ಪಿದೆ ಸರ್. ಡಿಗೆ ಏರಿ ಹಳೇ ಹಾರ್ಮನಿ ಮೇಲೆ ಡೆಸ್ಕಂಟ್, ಅದೇ ಇರಲಿ. ಬೇಕಿದ್ದರೆ ಕಟ್ಟಕಡೆಯ ಹಲ್ಲೆಲೂಯ ಮುಗಿದ ಮೇಲೆ ಸಭೆ ನಿಲ್ಲಿಸಿ, ಕ್ವಾಯರ್ ಮಾತ್ರ ನಾಲ್ಕು ಬಾರಿನ ಬಾಲವೊಂದನ್ನು ಹೊಸ ಕಾರ್ಡುಗಳಲ್ಲಿ ಹಾಡಬಹುದು. ಅಲ್ಲಿ ಯಾರಿಗೂ ಡಿಕ್ಕಿ ಇಲ್ಲ.

---

ಆಲ್ಟೊಸಾಲು ಕೇಳಿದ್ದು:

ತುಂಬಾ ಉಪಕಾರ. ನಿನ್ನೆ ಮೂರನೆಯ ಚರಣ ಹಾಡಿಸಿ ನೋಡಿದೆವು. ಗಂಡಸರ ಇಳಿಯುವ ಸಾಲು ಬೇಗ ಬಂತು. ಆದರೆ ಕೀಬೋರ್ಡ್ ಇಲ್ಲದೆ ಚರಣ ಮುಗಿಸುವಷ್ಟರಲ್ಲಿ ಶ್ರುತಿ ಕಾಲು ಸ್ವರಕ್ಕಿಂತ ಹೆಚ್ಚು ಕೆಳಗೆ ಬಂದಿತ್ತು. ಆಮೇಲೆ ಕೀಬೋರ್ಡ್ ಸೇರಿದಾಗ ಎಲ್ಲರ ಮುಖ ಸಿಂಡರಿಸಿತು. ಕೀಬೋರ್ಡಿನ ಹುಡುಗ ಸ್ಟೈಲ್ ಹಾಕಿದರೆ ಬಿ ಬೇಸ್ ಇರುವ ಜಿ ಕಾರ್ಡ್ ಬರೀ ಜಿ ಆಗಿಯೇ ಕೇಳುತ್ತದೆ, ಅದೂ ಒಂದು. ಮತ್ತೆ, ಜೋಡಣೆಗಳನ್ನು ಇಂಟರ್‌ನೆಟ್ಟಿನಿಂದ ತೆಗೆದು ಜೆರಾಕ್ಸ್ ಮಾಡಬಹುದಾ?

---

ಶ್ರುತಿಪೆಟ್ಟಿಗೆ ಉತ್ತರಿಸಿದ್ದು:

ಶ್ರುತಿ ಇಳಿಯುವುದಕ್ಕೆ ಇಡೀ ಕ್ವಾಯರನ್ನು ಬೈಯುವ ಮೊದಲು ಎಲ್ಲಿ ಇಳಿಯುತ್ತದೆ ಅಂತ ಹುಡುಕಿ. ಟ್ಯೂನರ್ ಆ್ಯಪ್ ಆನ್ ಮಾಡಿ ಮೊಬೈಲನ್ನು ಗಂಡಸರ ಮುಂದಿಡಿ, ಪ್ರತಿ ಸಾಲಿನ ಕೊನೆಗೆ ನಿಲ್ಲಿಸಿ ನೋಡಿ. ಸಾಮಾನ್ಯವಾಗಿ ಮೂರು ಜಾಗ. ಒಂದು, ಒಂದೊಂದೇ ಸ್ವರ ಇಳಿಯುವ ಸಾಲು: ಡಿ ಸಿ ಬಿ ಎ ಇಳಿಯುವಾಗ ಸಿ ಇಂದ ಬಿ ಅರ್ಧ ಸ್ವರ ಮಾತ್ರ, ಗಂಡಸರು ಅದನ್ನು ಅಗಲ ಮಾಡಿ ಹಾಡುತ್ತಾರೆ. ‘ಬಿ ಎತ್ತರದಲ್ಲಿರಲಿ, ಸಿಗೆ ಅಂಟಿಕೊಂಡಿರಲಿ’ ಅಂತ ಹೇಳಿ. ಎರಡು, ಒಂದೇ ಸ್ವರ ಪದೇ ಪದೇ ಬರುವ ಕಡೆ, ಪ್ರತಿ ಸಲವೂ ಒಂದೊಂದು ಕೂದಲಷ್ಟು ಜಾರುತ್ತದೆ. ಮೂರು, ಹಲ್ಲೆಲೂಯದ ಕೊನೆಯ ‘ಯ’: ಬಾಯಿ ಅರ್ಧ ಮುಚ್ಚಿ, ಉಸಿರು ಬಿಟ್ಟು, ‘ಮುಗಿಯಿತಪ್ಪ’ ಅನ್ನುವ ಹಾಗೆ ಹಾಡಿದರೆ ಅಲ್ಲಿಯೇ ಇಳಿಯುತ್ತದೆ.

ಉಸಿರಿನ ಜಾಗವನ್ನೂ ಗುರುತು ಹಾಕಿ ಕೊಡಿ. ಸಾಲಿಗೂ ಹಲ್ಲೆಲೂಯಕ್ಕೂ ನಡುವೆ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಪ್ರತಿ ಸಾಲಿಗೂ ಹಾಡು ನಿಂತು ಹೊರಟ ಬಸ್ಸಿನ ಹಾಗಾಗುತ್ತದೆ. ಸೊಪ್ರಾನೊ ಹಲ್ಲೆಲೂಯದ ಮೊದಲು, ಆಲ್ಟೊ ಒಂದು ಅಕ್ಷರ ಆದ ಮೇಲೆ, ಹೀಗೆ ಹಂಚಿ. ವೇಗ ನಿಮಿಷಕ್ಕೆ 100 ಬೀಟ್ ಆಸುಪಾಸು ಇರಲಿ. 80ಕ್ಕೆ ಇಳಿದರೆ ಉಸಿರು ಸಾಲದೆ ಶ್ರುತಿಯೂ ಹೋಗುತ್ತದೆ. ಸದ್ದು ಬಹಳ ಹೊತ್ತು ಗುಂಯ್ ಅನ್ನುವ ಕಟ್ಟಡವಾದರೆ 92ರ ತನಕ ಇಳಿಸಿ, ಇಲ್ಲದಿದ್ದರೆ ಚಿಕ್ಕ ಸ್ವರಗಳೆಲ್ಲ ಕಲಸಿಹೋಗುತ್ತವೆ.

ಇಷ್ಟಾದರೂ 16 ಜನರ ಕ್ವಾಯರ್ ಸ್ವಲ್ಪ ಇಳಿದೇ ಇಳಿಯುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಚರಣ ಮುಗಿದ ಮೇಲೆ ಕೀಬೋರ್ಡ್ ನೇರ ಸಿ ಕಾರ್ಡ್ ಹೊಡೆದರೆ ವ್ಯತ್ಯಾಸ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಬೀಟ್ ಪೂರ್ತಿ ಮೌನ ಬಿಟ್ಟು, ಸಿ ಬಿಟ್ಟು ಇ ಮೈನರಿನಿಂದಲೇ ಶುರು ಮಾಡಿ ಎ ಸೆವೆನ್, ಡಿ ಅಂತ ಏರಿದರೆ ಹಳೇ ಶ್ರುತಿಯನ್ನು ಯಾರೂ ಹೋಲಿಸಲಾರರು. ಇನ್ನೂ ಧೈರ್ಯ ಸಾಲದಿದ್ದರೆ ಮೂರನೆಯ ಚರಣ ಪೂರ್ತಿ ಕೀಬೋರ್ಡಿನಲ್ಲಿ ಸಿ3 ಒಂದೇ ಸ್ವರವನ್ನು ಕೇಳಿಯೂ ಕೇಳದ ಹಾಗೆ ಹಿಡಿದಿರಲಿ. ಡಿ ಮೈನರ್ ಸೆವೆನ್ ಬಂದಾಗ, ಬಿ ಬಂದಾಗ ಸ್ವಲ್ಪ ಉಜ್ಜುತ್ತದೆ, ಕೆಡುವುದಿಲ್ಲ.

ಸ್ಟೈಲ್ ಕಥೆ: ಸ್ಟೈಲ್ ಆನ್ ಇದ್ದಾಗ ಕೀಬೋರ್ಡ್ ನಿಮ್ಮ ಎಡಗೈ ನೋಡಿ ಕಾರ್ಡಿನ ಹೆಸರು ಊಹಿಸುತ್ತದೆ, ಬೇಸನ್ನು ಆ ಹೆಸರಿನಿಂದ ತಾನೇ ಹಾಕುತ್ತದೆ. ಜಿ ಅಂತ ಅದಕ್ಕೆ ಗೊತ್ತಾದರೆ ನೀವು ಕೆಳಗೆ ಬಿ ಒತ್ತಿದರೂ ಬೇಸ್ ಜಿಯೇ. ಕೆಲವು ಮಾಡೆಲ್‌ಗಳಲ್ಲಿ ‘ಫಿಂಗರ್ಡ್ ಆನ್ ಬೇಸ್’ ಎಂಬ ಮೋಡ್ ಇರುತ್ತದೆ, ಅದರಲ್ಲಿ ಒತ್ತಿದ ಕೆಳಸ್ವರವೇ ಬೇಸ್. ಆದರೆ ಈ ಹಾಡಿಗೆ ಸ್ಟೈಲೇ ಬೇಡ, ಆಫ್ ಮಾಡಿಸಿ. ಆರ್ಗನ್ ಟೋನಿನ ಜೊತೆ ತೆಳುವಾಗಿ ಸ್ಟ್ರಿಂಗ್ಸ್ ಸೇರಿಸಿದರೆ ಸಾಕು. ಡ್ರಮ್ ಲೂಪ್ ಹಾಕಿದರೆ ಸಾಲಿನ ಕೊನೆಯಲ್ಲಿ ಸಭೆ ಉಸಿರೆಳೆಯುವಷ್ಟರಲ್ಲಿ ಯಂತ್ರ ಮುಂದೆ ಹೋಗಿರುತ್ತದೆ.

ಮುಂಜಾವಿನ ಆರಾಧನೆಯಲ್ಲೂ ಹಾಡುವುದಿದ್ದರೆ ಇದೇ ಜೋಡಣೆಯನ್ನು ಒಂದು ಸ್ವರ ಇಳಿಸಿ, ಬಿ-ಫ್ಲ್ಯಾಟಿನಲ್ಲಿ ಶುರು ಮಾಡಿ ಸಿಗೆ ಏರಿ. ಬೆಳಗಿನ 5 ಗಂಟೆಗೆ ಸೊಪ್ರಾನೊಗಳಿಗೆ ಮೇಲಿನ ತುದಿ ಸಿಗುವುದಿಲ್ಲ. ಹಾಗೆ ಇಳಿಸಿದಾಗ ಗಂಡಸರ ಸಾಲಿನ ಕೊನೆಯ ಸ್ವರ ಜಿ2 ಆಗಿಬಿಡುತ್ತದೆ, ಅದೊಂದನ್ನು ಸಪ್ತಕ ಮೇಲೆ ಬರೆಯಿರಿ. ಬಯಲಿನಲ್ಲೋ ಸ್ಮಶಾನದಲ್ಲೋ ಆರಾಧನೆ ಅಂತಾದರೆ ಮೂರು ಧ್ವನಿ ಗಾಳಿಗೆ ಹೋಗುತ್ತದೆ, ಅಲ್ಲಿ ಲೂಥರನ ರಾಗವನ್ನು ಸ-ಪ ಹಿಡಿದು ಒಂದೇ ಧ್ವನಿಯಲ್ಲಿ ಹಾಡಿ.

---

ಹಾಳೆಪೆಟ್ಟಿಗೆ ಉತ್ತರಿಸಿದ್ದು:

ಜೆರಾಕ್ಸ್ ಪ್ರಶ್ನೆಗೆ. ಹಳೇ ರಾಗಗಳಿಗೆ ಯಾರ ಹಕ್ಕೂ ಇಲ್ಲ. ಹೊಸ ಜೋಡಣೆಗೆ ಇದೆ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ರಚಿಸಿದವರು ತೀರಿಕೊಂಡ ನಂತರ 60 ವರ್ಷ. ಉದಾಹರಣೆಗೆ ಇಂಗ್ಲಿಷ್ ಸಂಗೀತಕಾರ ರಾಲ್ಫ್ ವಾನ್ ವಿಲಿಯಮ್ಸ್ ತೀರಿಕೊಂಡದ್ದು 1958ರಲ್ಲಿ, ಹಾಗಾಗಿ ಅವರು 1906ರ ಇಂಗ್ಲಿಷ್ ಹಿಮ್ನಲ್ ಎಂಬ ಗೀತೆಪುಸ್ತಕಕ್ಕೆ ಮಾಡಿದ ಹಾರ್ಮನಿಗಳು ಇಲ್ಲಿ 2019ರಿಂದ ಮುಕ್ತ. ಅದರಲ್ಲಿರುವ ‘ಲಾಸ್ಟ್ ಉನ್ಸ್ ಎರ್‌ಫ್ರಾಯೆನ್’ ರಾಗ ಮೂಲದಲ್ಲಿ 1623ರ ಕಲೋನಿನ ಈಸ್ಟರ್ ಹಾಡೇ, ಇಡೀ ರಾಗ ಒಂದೇ ಸಪ್ತಕದೊಳಗೆ ಇದೆ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಅದು ಹಾಡುವುದಕ್ಕೆ. ಒಂದು ಪ್ರತಿ ಕೊಂಡು 16 ಜೆರಾಕ್ಸ್ ತೆಗೆಯುವುದಕ್ಕಲ್ಲ. ಬೇರೆಯವರ ಹೊಸ ಜೋಡಣೆಯನ್ನು ಮೂರು ಧ್ವನಿಗೆ ಇಳಿಸಿ ಬರೆದುಕೊಳ್ಳುವುದಕ್ಕೂ ಅನುಮತಿ ಬೇಕು. ಕನ್ನಡದ ಅನುವಾದಕ್ಕೂ ಇದೇ ನಿಯಮ, ರಾಗ ಹಳೇದಾದರೂ ಮಾತು ಹೊಸದಿರಬಹುದು. ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ ಎಂಬ ಜಾಲತಾಣದಲ್ಲಿ ಉಚಿತ ಪ್ರತಿಗಳು ಬೇಕಾದಷ್ಟಿವೆ, ಪ್ರತಿಯೊಂದರ ಪಕ್ಕದ ಷರತ್ತು ಓದಿಯೇ ಇಳಿಸಿಕೊಳ್ಳಿ.

ನೀವೇ ಬರೆದುಕೊಳ್ಳುತ್ತಿರುವುದರಿಂದ ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ಬರೆಯುವ ತಂತ್ರಾಂಶ ಸಾಕು, ದುಡ್ಡಿಲ್ಲ. ಕನ್ನಡ ಮಾತು ಟೈಪ್ ಮಾಡುವಾಗ ಒತ್ತಕ್ಷರವನ್ನು ಮಧ್ಯೆ ಒಡೆಯಬೇಡಿ. ‘ಎದ್-ದ’ ಅಂತ ಹಾಕಿದರೆ ಓದುವವರು ಎಡವುತ್ತಾರೆ, ‘ಎ-ದ್ದ’ ಅಂತಲೇ ಇರಲಿ. ಗುರುಲಘು ಅವರು ಹೇಳಿದ ‘ಎ’ ಹಿಡಿಯುವುದೂ ಆಗ ತಾನಾಗಿ ಬರುತ್ತದೆ. ಸೋಲ್ಫಾ ಬೇಕಾದವರಿಗೆ ಅದೇ ಹಾಳೆಯಲ್ಲಿ ಎರಡನೆಯ ಮಾತಿನ ಸಾಲಾಗಿ ಟೈಪ್ ಮಾಡಿಬಿಡಿ, ಬೇರೆ ಹಾಳೆ ಕೊಟ್ಟರೆ ತಿದ್ದುಪಡಿ ಒಂದರಲ್ಲಿ ಆಗಿ ಇನ್ನೊಂದರಲ್ಲಿ ಉಳಿಯುತ್ತದೆ.

---

ಆಲ್ಟೊಸಾಲು ಕೇಳಿದ್ದು:

ಗಂಡಸರ ‘ಬಿ’ ಎತ್ತರಕ್ಕೆ ಹಿಡಿಸಿದ ಮೇಲೆ ಇಳಿತ ಅರ್ಧದಷ್ಟು ಕಡಿಮೆಯಾಯಿತು. ಸಿ3 ಹಿಡಿಯುವ ಉಪಾಯ ಬೇಕಾಗಲಿಕ್ಕಿಲ್ಲ ಅನ್ನಿಸುತ್ತದೆ. ಒಂದೇ ಅನುಮಾನ ಉಳಿದಿದೆ: ಲೆಂಟಿನಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ಕಾಲದಲ್ಲಿ) ನಮ್ಮ ಸಭೆಯಲ್ಲಿ ಹಲ್ಲೆಲೂಯ ಹಾಡುವುದಿಲ್ಲ. ಪ್ರ್ಯಾಕ್ಟೀಸ್ ಹೇಗೆ?

---

ಗುರುಲಘು ಉತ್ತರಿಸಿದ್ದು:

ನಿಯಮ ಆರಾಧನೆಗೆ, ಪ್ರ್ಯಾಕ್ಟೀಸಿಗಲ್ಲ ಅಂತಲೇ ಹೆಚ್ಚಿನ ಕಡೆ ಇದೆ. ಹಿರಿಯರು ಒಪ್ಪದಿದ್ದರೆ ಆ ಸ್ವರಗಳನ್ನು ‘ಲು’ ಅಂತ ಕಲಿಸಿ. ನಷ್ಟವೇನೂ ಇಲ್ಲ, ‘ಲೂ-ಹೂ’ ಚಾಳಿ ಬಿಡಿಸಲು ಅದೇ ಸುಲಭದ ದಾರಿ. ಕೊನೆಯ ಎರಡು ಪ್ರ್ಯಾಕ್ಟೀಸಿನಲ್ಲಿ ಮಾತ್ರ ಮಾತು ಸೇರಿಸಿ. ‘ಲ್ಲ’ ಹಿಡಿಯುವ ಉದ್ದ ಎಲ್ಲರದ್ದೂ ಒಂದೇ ಆಗುವುದಕ್ಕೆ ಎರಡು ಸಲವಾದರೂ ಬೇಕು.